ಹೊಗೆ ಕಾಣಲಿಲ್ಲ, ವಾಸನೆ ಬಂತು

ಎರಡು ವರ್ಷದ ಹಿಂದಿನ ಮಾತು. ದೀಪಾವಳಿಗೆ ಊರಿಗೆ ಹೊರಟಿದ್ದೆ. ಬೆಂಗಳೂರಿನಿಂದ ಸಾಗರಕ್ಕೆ ರಾತ್ರಿ ಬಸ್ಸು, ಎಸಿ ಸ್ಲೀಪರ್. ಹಬ್ಬದ ರಶ್ಶಿನಲ್ಲಿ ಜಾಗ ಸಿಕ್ಕಿದ್ದೇ ಹೆಚ್ಚು. ತುಮಕೂರು ದಾಟುವ ಹೊತ್ತಿಗೆ ದೀಪ ಆರಿಸಿ ನೀಲಿ ಬಲ್ಬು ಮಾತ್ರ ಉಳಿಸಿದ್ದರು. ಕಂಬಳಿ ಎಳೆದುಕೊಂಡು ಇನ್ನೇನು ನಿದ್ದೆ ಹತ್ತಬೇಕು, ಒಂದು ವಾಸನೆ ಬಂತು. ಮಾವಿನಹಣ್ಣಿನ ವಾಸನೆ. ನಿಜವಾದ ಹಣ್ಣಿನದಲ್ಲ. ಚಿಕ್ಕವರಿದ್ದಾಗ ಅಂಗಡಿಯ ಗಾಜಿನ ಭರಣಿಯಲ್ಲಿ ಇರುತ್ತಿತ್ತಲ್ಲ, ಆ ಪೆಪ್ಪರಮೆಂಟಿನದು. ಒಂದು ನಿಮಿಷ ಇತ್ತು, ಹೋಯಿತು. ಮತ್ತೆ ಐದು ನಿಮಿಷಕ್ಕೆ ಬಂತು. ಮತ್ತೆ ಹೋಯಿತು. ಯಾರೋ ಮಗುವಿಗೆ ಚಾಕೊಲೇಟ್ ಬಿಚ್ಚಿಕೊಟ್ಟಿರಬೇಕು ಅಂದುಕೊಂಡೆ.

ನನ್ನ ಎದುರಿನ ಕೆಳಗಿನ ಬರ್ತಿನಲ್ಲಿ ಒಬ್ಬ ತಾಯಿ, ಐದಾರು ವರ್ಷದ ಮಗಳು. ಹುಡುಗಿ ಕೆಮ್ಮತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಬಿಟ್ಟೂ ಬಿಡದೆ. ಉಸಿರು ಎಳೆದುಕೊಳ್ಳುವಾಗ ಸುಯ್ ಸುಯ್ ಎನ್ನುವ ಸದ್ದು ನನಗೂ ಕೇಳಿಸುತ್ತಿತ್ತು. ಉಬ್ಬಸ ಇರುವ ಮನೆಯಲ್ಲಿ ಬೆಳೆದವರಿಗೆ ಆ ಸದ್ದು ಯಾರೂ ಹೇಳಿಕೊಡಬೇಕಾಗಿಲ್ಲ. ತಾಯಿ ಮೊಬೈಲ್ ಬೆಳಕಿನಲ್ಲಿ ಬ್ಯಾಗ್ ತಡಕಾಡಿ ಇನ್‌ಹೇಲರ್ ತೆಗೆದರು. ಅದಕ್ಕೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಮಗುವಿನ ಮುಖಕ್ಕೆ ಹಿಡಿದರು. ಆಮೇಲೆ ಪರದೆ ಸರಿಸಿ ನನ್ನನ್ನೇ ಕೇಳಿದರು, "ಅಕ್ಕಾ, ನೀವೇನಾದ್ರೂ ಸ್ಪ್ರೇ ಹೊಡ್ಕೊಂಡ್ರಾ? ಇವಳಿಗೆ ವಾಸನೆ ಆಗಿಬರಲ್ಲ." ನಾನಲ್ಲ ಅಂದೆ. ಅವರು ನಂಬಿದಂತೆ ಕಾಣಲಿಲ್ಲ. ನಂಬುವುದಾದರೂ ಹೇಗೆ? ವಾಸನೆ ನನ್ನ ಕಡೆಯಿಂದಲೇ ಹೋಗುತ್ತಿತ್ತು.

ಮುಂದಿನ ಸಲ ವಾಸನೆ ಬಂದಾಗ ನಾನು ಎದ್ದು ಕೂತಿದ್ದೆ. ಹಿಂದಿನ ಬರ್ತಿನ ಪರದೆಯ ಸಂದಿಯಲ್ಲಿ ಉಗುರಿನಷ್ಟು ದೊಡ್ಡ ಬಿಳಿ ದೀಪ ಹತ್ತಿ ಆರಿತು. ಕಿವಿಗೊಟ್ಟರೆ ಮಾತ್ರ ಕೇಳುವ ಒಂದು ಸಣ್ಣ ಚಿಟಪಟ. ಆಗ ಗೊತ್ತಾಯಿತು, ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟು. ಕ್ಲೀನರ್ ಹುಡುಗನನ್ನು ಕರೆದೆ. ಅವನು ಟಾರ್ಚ್ ಹಿಡಿದು ಬಂದ. ಮೂಗು ಎಳೆದು ನೋಡಿದ. ನೆಲ ನೋಡಿದ. ಮೋಟು ಇಲ್ಲ, ಬೂದಿ ಇಲ್ಲ, ಹೊಗೆ ಇಲ್ಲ. "ಯಾರೂ ಸೇದ್ತಿಲ್ವಲ್ಲ ಮೇಡಂ, ಫ್ರೆಶ್ನರ್ ವಾಸನೆ ಇರ್ಬೇಕು" ಅಂದ. ಅವನದು ತಪ್ಪಿಲ್ಲ. ಅವನಿಗೆ ಗೊತ್ತಿದ್ದ ಯಾವ ಗುರುತೂ ಅಲ್ಲಿ ಇರಲಿಲ್ಲ.

ಅರಸೀಕೆರೆ ಹತ್ತಿರ ಬಸ್ಸು ಟೀಗೆ ನಿಂತಿತು. ತಾಯಿ ಮಗುವನ್ನು ಎತ್ತಿಕೊಂಡು ತಣ್ಣನೆ ಗಾಳಿಗೆ ಇಳಿದರು, ನಾನೂ ಇಳಿದೆ. ಅಲ್ಲಿ ಒಂದು ಸಣ್ಣ ವಿಷಯ ನಡೆಯಿತು. ನಮ್ಮ ಬಸ್ಸಿನ ಇಬ್ಬರು ಗಂಡಸರು ಹೋಟೆಲಿನ ಕಂಬದ ಹತ್ತಿರ ಸಿಗರೇಟು ಹಚ್ಚಿದ್ದರು. ಕೆಮ್ಮುವ ಮಗು ಹತ್ತಿರ ಬಂದದ್ದೇ ತಡ, ಒಬ್ಬರು ಇನ್ನೊಬ್ಬರ ಭುಜ ಮುಟ್ಟಿದರು. ಇಬ್ಬರೂ ರಸ್ತೆಯ ಆಚೆಗೆ ಹೋಗಿ ನಿಂತರು. ಯಾರೂ ಅವರಿಗೆ ಹೇಳಿರಲಿಲ್ಲ. ಬಸ್ಸಿನೊಳಗೆ ಆ ಹಿಂದಿನ ಬರ್ತಿನ ಪರದೆ ಮಾತ್ರ ಹಾಗೇ ಇತ್ತು. ಅಲ್ಲಿದ್ದವರಿಗೆ ಇಳಿಯುವ ಅಗತ್ಯವೇ ಇರಲಿಲ್ಲ.

ಆ ಇಬ್ಬರು ರಸ್ತೆ ದಾಟಿದ್ದು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಕೆಂಪು ಬಸ್ಸಿನ ಬೀಡಿ

ನನ್ನ ಅಜ್ಜ ಬೀಡಿ ಸೇದುತ್ತಿದ್ದರು. ಉಬ್ಬಸವೂ ಇತ್ತು. ಬೀಡಿಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅವರು ಕೊನೆಯ ಎರಡು ವರ್ಷ ಮಂಚದ ಮೇಲೆ ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡಿದ್ದನ್ನು ನೋಡಿದ್ದೇನೆ. ಆದರೆ ಬೀಡಿಗೆ ಒಂದು ರೀತಿ ರಿವಾಜು ಇತ್ತು. ಅಜ್ಜ ತಮ್ಮ ಅಣ್ಣನ ಎದುರು ಒಂದು ದಿನವೂ ಸೇದಲಿಲ್ಲ. ದೊಡ್ಡಜ್ಜ ತೋಟದ ಕಡೆಯಿಂದ ಬರುವುದು ಕಂಡರೆ ಬೀಡಿ ಬೆನ್ನ ಹಿಂದೆ ಹೋಗುತ್ತಿತ್ತು. ಆಗ ಅಜ್ಜನಿಗೆ ಅರವತ್ತು ದಾಟಿತ್ತು. ಬಾಣಂತಿ ಇರುವ ಮನೆಯ ಜಗಲಿ ಹತ್ತುವ ಮೊದಲು ಬೀಡಿಯನ್ನು ಗೋಡೆಗೆ ಒತ್ತಿ ಆರಿಸುತ್ತಿದ್ದರು. ನಮ್ಮ ಹಳೇ ಮನೆಯ ಜಗಲಿ ಕಂಬದ ಬುಡದಲ್ಲಿ ಆ ಕಪ್ಪು ಚುಕ್ಕೆಗಳು ಬಹಳ ವರ್ಷ ಇದ್ದವು. ಸುಣ್ಣ ಬಳಿದರೂ ಮತ್ತೆ ಕಾಣುತ್ತಿದ್ದವು.

ಬಸ್ಸಿನಲ್ಲೂ ಅಷ್ಟೇ. ಕೆಂಪು ಬಸ್ಸಿನ ಮುಂದುಗಡೆ 'ಧೂಮಪಾನ ನಿಷೇಧಿಸಿದೆ' ಅಂತ ಬರೆದಿರುತ್ತಿತ್ತು. ಹಿಂದಿನ ಸೀಟಿನಲ್ಲಿ ಯಾರಾದರೂ ಹಚ್ಚಿದರೆ ಹತ್ತು ಎಣಿಸುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗುತ್ತಿತ್ತು. ಕಂಡಕ್ಟರ್ ಟಿಕೆಟ್ ಹರಿಯುತ್ತಲೇ, ತಿರುಗಿಯೂ ನೋಡದೆ, "ಯಾರ್ರೀ ಅದು ಬೀಡಿ, ಎಸೀರಿ ಹೊರಗೆ" ಅನ್ನುತ್ತಿದ್ದರು. ಎಸೆಯುತ್ತಿದ್ದರು ಕೂಡ. ಕೆಲವರು ಎಸೆಯುತ್ತಿರಲಿಲ್ಲ, ಜಗಳ ಆಗುತ್ತಿತ್ತು. ಆದರೆ ಜಗಳ ಆಡಲು ಎಲ್ಲರಿಗೂ ಒಂದು ಆಧಾರ ಇತ್ತು. ಹೊಗೆ ತನ್ನ ಮೇಲೆ ತಾನೇ ದೂರು ಕೊಡುತ್ತಿತ್ತು. ವಾಸನೆ, ಬೂದಿ, ಮೋಟು, ಕೆಂಡದ ಕೆಂಪು, ಎಲ್ಲವೂ ಸಾಕ್ಷಿ. ಪಕ್ಕದವರು ಬಾಯಿಬಿಟ್ಟು ಹೇಳದಿದ್ದರೂ ಮುಖ ಸಿಂಡರಿಸಿದರೆ ಸಾಕು, ಯಾತಕ್ಕೆ ಅಂತ ಸೇದುವವನಿಗೆ ತಿಳಿಯುತ್ತಿತ್ತು.

ವೇಪ್ ಬಂದ ಮೇಲೆ ಹೋದದ್ದು ಈ ಸಾಕ್ಷಿ. ಬೆಂಕಿ ಇಲ್ಲದೆ ಹೊಗೆ ಆಡೋದಿಲ್ಲ ಅನ್ನುತ್ತಾರೆ ನಮ್ಮಲ್ಲಿ. ಇದರಲ್ಲಿ ಬೆಂಕಿಯೂ ಇಲ್ಲ. ತೊಂದರೆ ಅನುಭವಿಸಿದವರೇ ತೊಂದರೆ ಆಯಿತು ಅಂತ ರುಜುವಾತು ಮಾಡಬೇಕು. ಅದೂ ಮಾವಿನಹಣ್ಣಿನ ವಾಸನೆಯ ಮೇಲೆ. "ಒಳ್ಳೇ ವಾಸನೆ ತಾನೇ, ಏನೀಗ?" ಅಂದರೆ ಏನು ಹೇಳೋದು? ಆ ರಾತ್ರಿ ಬಸ್ಸಿನಲ್ಲಿ ನಾನೂ ಆ ತಾಯಿಯೂ ಇಲ್ಲದ್ದನ್ನು ಕಲ್ಪಿಸಿಕೊಂಡು ಗಲಾಟೆ ಮಾಡುವವರ ಹಾಗೆ ಕಂಡಿದ್ದೆವು.

ಇನ್ನೊಂದು ವ್ಯತ್ಯಾಸ ಆಮೇಲೆ ಹೊಳೆಯಿತು. ಸಿಗರೇಟಿಗೆ ಒಂದು ಶುರು, ಒಂದು ಕೊನೆ ಇದೆ. ಹಚ್ಚಬೇಕು, ಐದು ನಿಮಿಷ ಬೇಕು, ಮುಗಿಯುತ್ತದೆ. ಹಾಗಾಗಿ "ಒಂದು ಸಿಗರೇಟು ಸೇದಿ ಬರ್ತೀನಿ" ಅಂತ ಎದ್ದು ಹೋಗಬಹುದು. ಹೋಗುವುದರಲ್ಲೇ ಮರ್ಯಾದೆ ಇದೆ. ವೇಪಿಗೆ ಹಚ್ಚುವುದೂ ಇಲ್ಲ, ಮುಗಿಯುವುದೂ ಇಲ್ಲ. ಜೇಬಿನಿಂದ ತೆಗೆದು ಒಂದು ದಮ್ಮು ಎಳೆದು ಮತ್ತೆ ಜೇಬಿಗೆ. ಎರಡು ಸೆಕೆಂಡ್. ಎರಡು ಸೆಕೆಂಡಿಗೆ ಯಾರು ಎದ್ದು ಹೊರಗೆ ಹೋಗುತ್ತಾರೆ? ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೂ ಏಳನೇ ಮಹಡಿಗೂ ಮಧ್ಯೆ ಆಗಿಹೋಗುತ್ತದೆ. ಆಫೀಸ್ ಕ್ಯಾಬಿನಲ್ಲಿ, ಸಿನಿಮಾ ಹಾಲಿನಲ್ಲಿ, ಬಾತ್‌ರೂಮಿನಲ್ಲಿ, ಹೊದಿಕೆಯ ಒಳಗೆ ಕೂಡ.

ತಿನ್ನೋದು ಬೇರೆ, ಎಳೆಯೋದು ಬೇರೆ

"ಅದು ಬರೀ ನೀರಿನ ಆವಿ" ಅಂತ ತುಂಬಾ ಜನ ನಂಬಿದ್ದಾರೆ. ನಾನೂ ಸ್ವಲ್ಪ ಕಾಲ ನಂಬಿದ್ದೆ. ಬಸ್ಸಿನ ಘಟನೆ ಆದ ಮೇಲೆ ಕೂತು ಓದಿದೆ. ಒಳಗೆ ಇರುವುದು ಒಂದು ಪುಟ್ಟ ಬ್ಯಾಟರಿ, ಒಂದು ತಂತಿಯ ಸುರುಳಿ, ಅದರ ಸುತ್ತ ಹತ್ತಿ. ಹತ್ತಿ ಒಂದು ದ್ರವದಲ್ಲಿ ನೆನೆದಿರುತ್ತದೆ. ಎಳೆದಾಗ ಸುರುಳಿ ಕಾಯುತ್ತದೆ, ದ್ರವ ಆವಿಯಾಗಿ ತಕ್ಷಣ ಸಣ್ಣ ಸಣ್ಣ ಹನಿಗಳಾಗುತ್ತದೆ. ದ್ರವದಲ್ಲಿ ಹೆಚ್ಚಿನ ಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಜೊತೆಗೆ ಪರಿಮಳದ ಎಸೆನ್ಸು, ನಿಕೋಟಿನ್. ನೀರು ಅಂತ ಹೇಳಿಕೊಳ್ಳುವಷ್ಟು ಇಲ್ಲ. ಸುರುಳಿ ಜಾಸ್ತಿ ಕಾದಾಗ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಥರದ ವಿಷಗಳು ಹುಟ್ಟಿಕೊಳ್ಳುತ್ತವೆ. ಲೋಹದ ಭಾಗಗಳಿಂದ ನಿಕಲ್, ಸೀಸದ ಕಣಗಳೂ ಬರಬಹುದು.

ಪ್ರೊಪಿಲೀನ್ ಗ್ಲೈಕಾಲ್ ತಿಂಡಿಗಳಿಗೆ ಹಾಕುತ್ತಾರೆ, ಔಷಧಿಗೂ ಹಾಕುತ್ತಾರೆ, ಎಸೆನ್ಸು ಐಸ್‌ಕ್ರೀಮಿನಲ್ಲೂ ಇರುತ್ತದೆ, ಹಾಗಿದ್ದ ಮೇಲೆ ಭಯ ಯಾಕೆ ಅಂತ ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಒಣಮೆಣಸಿನಕಾಯಿ ದಿನಾ ತಿನ್ನುತ್ತೇವೆ. ಅದೇ ಮೆಣಸಿನಕಾಯಿ ಒಗ್ಗರಣೆಯಲ್ಲಿ ಸ್ವಲ್ಪ ಸೀದರೆ ಇಡೀ ಮನೆ ಕೆಮ್ಮುತ್ತದೆ. ಹೊಟ್ಟೆಗೆ ಆಗುವುದೆಲ್ಲ ಎದೆಗೆ ಆಗುವುದಿಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದ ಒಂದು ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಲ್ಲಿ ಶ್ವಾಸನಾಳ ಮುಚ್ಚಿಕೊಂಡು ಬರುವ ಕಾಯಿಲೆ ಕಂಡಿತು. ಕಾರಣ ಡೈಅಸಿಟೈಲ್ ಅನ್ನುವ ಬೆಣ್ಣೆ ಪರಿಮಳದ ಎಸೆನ್ಸು. ತಿಂದವರಿಗೆ ಏನೂ ಆಗಿರಲಿಲ್ಲ. ಬಿಸಿ ಆವಿಯನ್ನು ದಿನಾ ಉಸಿರಾಡಿದವರಿಗೆ ಆಗಿತ್ತು. ಅದೇ ಡೈಅಸಿಟೈಲ್ ಆಮೇಲೆ ಕೆಲವು ವೇಪ್ ದ್ರವಗಳಲ್ಲೂ ಸಿಕ್ಕಿತು.

ಎರಡೂ ಕಡೆಯದನ್ನು ಹೇಳಬೇಕು. ಸಿಗರೇಟಿನಷ್ಟು ಕೆಟ್ಟದ್ದು ಪಕ್ಕದವರಿಗೆ ಇದರಿಂದ ಹೋಗುವುದಿಲ್ಲ. ಸಿಗರೇಟು ಬೆರಳ ಸಂದಿಯಲ್ಲಿ ಇದ್ದಾಗಲೂ ಉರಿಯುತ್ತಲೇ ಇರುತ್ತದೆ, ಆ ಹೊಗೆಯೆಲ್ಲ ಪಕ್ಕದವರ ಪಾಲು. ವೇಪಿನಲ್ಲಿ ಸೇದುವವರು ಬಿಟ್ಟ ಉಸಿರು ಮಾತ್ರ ಹೊರಗೆ ಬರುತ್ತದೆ. ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಬಯಲಲ್ಲಿ ಹನಿಗಳು ಬೇಗ ಆರಿಹೋಗುತ್ತವೆ. ಇಷ್ಟು ನಿಜ. ಆದರೆ 'ಸಿಗರೇಟಿಗಿಂತ ಕಡಿಮೆ' ಅನ್ನುವ ಮಾತು ಸೇದುವವರಿಗೆ ಸಮಾಧಾನ. ಆ ಬಸ್ಸಿನ ಮಗು ಸಿಗರೇಟನ್ನೂ ಸೇದುತ್ತಿರಲಿಲ್ಲ, ವೇಪನ್ನೂ ಸೇದುತ್ತಿರಲಿಲ್ಲ. ಅವಳು ಹೋಲಿಸಬೇಕಾಗಿದ್ದು ಚೊಕ್ಕ ಗಾಳಿಯ ಜೊತೆ. ಕಿಟಕಿ ತೆರೆಯದ ಬಸ್ಸಿನಲ್ಲಿ, ಅದೇ ಗಾಳಿಯನ್ನು ಎಸಿ ಮತ್ತೆ ಮತ್ತೆ ತಿರುಗಿಸುವ ಜಾಗದಲ್ಲಿ, ಉಬ್ಬಸ ಇರುವವರಿಗೆ ಒಂದು ಊದುಬತ್ತಿ ಕೂಡ ಜಾಸ್ತಿ ಆಗುತ್ತದೆ.

ಬೋರ್ಡು ಯಾಕಿಲ್ಲ

ಆ ಬಸ್ಸಿನಲ್ಲಿ 'ವೇಪ್ ಸೇದಬೇಡಿ' ಅನ್ನುವ ಬೋರ್ಡು ಇರಲಿಲ್ಲ. ಯಾವ ಬಸ್ಸಿನಲ್ಲೂ ನಾನು ನೋಡಿಲ್ಲ. ಯಾಕೆ ಅಂತ ಯೋಚಿಸಿದರೆ ಉತ್ತರ ಕಾನೂನಿನಲ್ಲೇ ಸಿಗುತ್ತದೆ. ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಇಡೀ ದೇಶಕ್ಕೆ ನಿಷೇಧ ಹಾಕಿತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ತಯಾರಿಸುವಂತಿಲ್ಲ, ತರಿಸುವಂತಿಲ್ಲ, ಸಾಗಿಸುವಂತಿಲ್ಲ, ಮಾರುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 3 ವರ್ಷ, 5 ಲಕ್ಷ. ದಾಸ್ತಾನು ಇಟ್ಟುಕೊಂಡರೆ 6 ತಿಂಗಳು, 50 ಸಾವಿರ. ಇಷ್ಟು ಕಟ್ಟುನಿಟ್ಟಾದ ಕಾಯ್ದೆಯಲ್ಲಿ ಸೇದುವುದಕ್ಕೆ ಅಂತ ಬೇರೆ ಶಿಕ್ಷೆ ಇಲ್ಲ. ಸಿಂಗಾಪುರದಲ್ಲಿ ಸೇದಿದರೂ, ಜೇಬಿನಲ್ಲಿ ಇಟ್ಟುಕೊಂಡರೂ ಅಪರಾಧ. ಇಲ್ಲಿನ ಕಾಯ್ದೆ ನೋಡುವುದು ವ್ಯಾಪಾರದ ಕಡೆಗೆ.

ಇನ್ನೊಂದು ಕಡೆ ನಮ್ಮ ಧೂಮಪಾನದ ಕಾನೂನು ಇದೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ ಅನ್ನುವ ನಿಯಮ ದೇಶದಲ್ಲೆಲ್ಲ ಇದೆ. 200 ರೂಪಾಯಿ ಇದ್ದ ದಂಡವನ್ನು ಕರ್ನಾಟಕ 2025ರಲ್ಲಿ 1,000 ರೂಪಾಯಿಗೆ ಏರಿಸಿತು. ಮಾರಾಟದ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಹುಕ್ಕಾ ಬಾರುಗಳನ್ನು ಮುಚ್ಚಿಸಿತು. ಒಳ್ಳೆಯ ಕೆಲಸ. ಆದರೆ ಆ ಕಾನೂನು ಬರೆದದ್ದು 2003ರಲ್ಲಿ, ತಂಬಾಕನ್ನು ಸೇದುವುದರ ಬಗ್ಗೆ. ಸಿಗರೇಟು, ಬೀಡಿ, ಚುಟ್ಟಾ. ಪ್ಲಾಸ್ಟಿಕ್ ಕೊಳವೆಯೊಳಗಿನ ದ್ರವದ ಯೋಚನೆ ಅದರಲ್ಲಿ ಇರಲಿಲ್ಲ.

ಹಾಗಾಗಿ ಬಸ್ಸಿನ ಕ್ಲೀನರ್ ಹುಡುಗನ ಕೈಯಲ್ಲಿ ಏನಿದೆ? ಬೀಡಿಯಾದರೆ 'ಎಸೀರಿ' ಅನ್ನಬಹುದು, ದಂಡ ಬೀಳುತ್ತೆ ಅನ್ನಬಹುದು. ವೇಪಿಗೆ ಏನನ್ನಬೇಕು? ಕಾನೂನಿನ ಪ್ರಕಾರ ಆ ವಸ್ತು ಈ ದೇಶದಲ್ಲಿ ಇರಲೇಬಾರದು. ಇಲ್ಲದ ವಸ್ತುವಿಗೆ ಬೋರ್ಡು ಯಾರು ಬರೆಸುತ್ತಾರೆ? ಮದುವೆ ಹಾಲಿನವರು, ಪಿಜಿಯವರು, ಅಪಾರ್ಟ್‌ಮೆಂಟ್ ಸಂಘದವರು, ಯಾರೂ ಇದರ ಬಗ್ಗೆ ಒಂದು ಸಾಲು ಬರೆದದ್ದು ನಾನು ಕಂಡಿಲ್ಲ. ಬರೆದರೆ ಇದೆ ಅಂತ ಒಪ್ಪಿಕೊಂಡ ಹಾಗೆ. ನಿಷೇಧ ತಪ್ಪು ಅಂತ ನಾನು ಹೇಳುತ್ತಿಲ್ಲ. ಹದಿನಾರರ ಮಕ್ಕಳ ಕೈಗೆ ಇದು ಸಿಗಬಾರದು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಸಂಕಟ ಬೇರೆ. ಮಾರಾಟ ನಿಲ್ಲಿಸಿದೆವು ಅಂತ ಸುಮ್ಮನಾದೆವು. ನಾಲ್ಕು ಜನ ಇರುವ ಕಡೆ ಇದನ್ನು ಹೇಗೆ ತಡೆಯಬೇಕು, ಹೇಗೆ ಕೇಳಬೇಕು ಅನ್ನುವ ಮಾತನ್ನು ಶುರುವೇ ಮಾಡಲಿಲ್ಲ.

ವಿಮಾನದಲ್ಲಿ ಮಾತ್ರ ವಿಷಯ ಸ್ಪಷ್ಟ ಇದೆ. ಅಲ್ಲಿ ಕೇಳಿನೋಡುವ ಪ್ರಶ್ನೆಯೇ ಇಲ್ಲ. ಟಾಯ್ಲೆಟ್ಟಿನ ಸ್ಮೋಕ್ ಡಿಟೆಕ್ಟರಿಗೆ ಮಾವಿನ ವಾಸನೆ ಗೊತ್ತಾಗುವುದಿಲ್ಲ. ಕಣಗಳು ಬೆಳಕನ್ನು ಚದುರಿಸುವುದನ್ನು ಅದು ನೋಡುತ್ತದೆ. ಹೊಗೆಯ ಕಣವೂ ಒಂದೇ, ವೇಪಿನ ಹನಿಯೂ ಒಂದೇ. 2018ರ ಜುಲೈ 10ರಂದು ಹಾಂಗ್‌ಕಾಂಗಿನಿಂದ ದಾಲಿಯನ್‌ಗೆ ಹೋಗುತ್ತಿದ್ದ ಏರ್ ಚೀನಾ ವಿಮಾನದಲ್ಲಿ ಏನಾಯಿತು ಅಂತ ಕೆಲವರಿಗೆ ನೆನಪಿರಬಹುದು. ಸಹ ಪೈಲಟ್ ಕಾಕ್‌ಪಿಟ್ಟಿನಲ್ಲೇ ವೇಪ್ ಎಳೆದ. ಆ ಆವಿ ಪ್ರಯಾಣಿಕರ ಕಡೆ ಹೋಗಬಾರದು ಅಂತ ಗಾಳಿ ತಿರುಗಿಸುವ ಫ್ಯಾನ್ ಆರಿಸಲು ಹೋದ. ಪಕ್ಕದಲ್ಲಿ ಕೂತಿದ್ದ ಕ್ಯಾಪ್ಟನ್ನಿಗೆ ಹೇಳಲಿಲ್ಲ. ಕೈ ತಪ್ಪಿ ಏರ್ ಕಂಡಿಷನಿಂಗ್ ಸ್ವಿಚ್ ಆರಿಸಿದ. ಒಳಗೆ ಒತ್ತಡ ಇಳಿಯಿತು, ಆಕ್ಸಿಜನ್ ಮಾಸ್ಕುಗಳು ಬಿದ್ದವು, ವಿಮಾನ 10,000 ಅಡಿಗೆ ಇಳಿಯಬೇಕಾಯಿತು. 153 ಪ್ರಯಾಣಿಕರಲ್ಲಿ ಯಾರಿಗೂ ಏನೂ ಆಗಲಿಲ್ಲ, ದೊಡ್ಡ ಪುಣ್ಯ. ನನಗೆ ಇದರಲ್ಲಿ ಮನಸ್ಸಿಗೆ ತಟ್ಟಿದ್ದು, ಅವನು ಬೇರೆಯವರಿಗೆ ವಾಸನೆ ಹೋಗದಿರಲಿ ಅಂತಲೇ ಆ ಸ್ವಿಚ್ಚಿಗೆ ಕೈ ಹಾಕಿದ್ದು. ತನ್ನ ಮಟ್ಟಿಗೆ ಅವನು ಪರರ ಕಾಳಜಿ ಮಾಡುತ್ತಿದ್ದ. ಬಾಯಿಬಿಟ್ಟು ಹೇಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ.

ಮೂರು ಮಂಚದ ಕೋಣೆ

ಇಷ್ಟೆಲ್ಲ ಯೋಚನೆ ಸುಮ್ನೆ ತಲೆಯಲ್ಲೇ ಉಳಿಯುತ್ತಿತ್ತೋ ಏನೋ. ಹೋದ ಮಳೆಗಾಲದಲ್ಲಿ ಅಕ್ಕನ ಮಗ ಫೋನ್ ಮಾಡಿದ. ಅವನು ಮಾರತ್ತಹಳ್ಳಿ ಕಡೆ ಒಂದು ಪಿಜಿಯಲ್ಲಿ ಇದ್ದಾನೆ, ತ್ರಿಬಲ್ ಶೇರಿಂಗ್. ಅಜ್ಜನ ಉಬ್ಬಸ ಅವನಿಗೂ ಬಂದಿದೆ. "ಚಿಕ್ಕಮ್ಮಾ, ರೂಮಲ್ಲಿ ಒಬ್ಬ ವೇಪ್ ಹೊಡೀತಾನೆ. ರಾತ್ರಿ ಜಾಸ್ತಿ. ನಂಗೆ ಎದೆ ಕಟ್ಟುತ್ತೆ" ಅಂದ. ಹೇಳಿದೆಯಾ ಅಂತ ಕೇಳಿದರೆ ಇಲ್ಲ. "ಅವನು ಒಳ್ಳೆಯವನು ಚಿಕ್ಕಮ್ಮಾ. ಸುಮ್ನೆ ಮನಸ್ತಾಪ ಯಾಕೆ" ಅಂದ. ನಾಲ್ಕು ತಿಂಗಳಿಂದ ಅದೇ ಕೋಣೆಯಲ್ಲಿ ಮಲಗುತ್ತಾನೆ, ಒಂದು ಮಾತು ಕೇಳಿಲ್ಲ. ಅದರ ಬದಲು ದಿನಕ್ಕೆ ಎರಡು ಸಲ ಇದ್ದ ಇನ್‌ಹೇಲರ್ ಮೂರು, ನಾಲ್ಕು ಮಾಡಿಕೊಂಡಿದ್ದ. ನನಗೆ ಕರುಳು ಚುರುಕ್ ಅಂತು.

ಭಾನುವಾರ ಚಕ್ಕುಲಿ ಡಬ್ಬಿ ಹಿಡಿದು ಹೋದೆ. ಕೋಣೆ ಹತ್ತಡಿ ಹನ್ನೆರಡಡಿ ಇರಬಹುದು. ಮೂರು ಕಬ್ಬಿಣದ ಮಂಚ, ಮೂರು ಬೀರು, ಒಂದೇ ಕಿಟಕಿ. ಅದರಾಚೆ ಕೈಗೆಟಕುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ. ಆ ಹುಡುಗ ಎದ್ದು ನಿಂತು "ನಮಸ್ತೆ ಆಂಟಿ" ಅಂದ. ತಾನು ಕೂತಿದ್ದ ಕುರ್ಚಿ ಬಿಟ್ಟುಕೊಟ್ಟ. ಇಪ್ಪತ್ತಮೂರು, ಇಪ್ಪತ್ತನಾಲ್ಕು ಇರಬಹುದು. ಅವನ ದಿಂಬಿನ ಪಕ್ಕದಲ್ಲೇ ಅದು ಚಾರ್ಜಿಗೆ ಹಾಕಿತ್ತು. ತುದಿಯಲ್ಲಿ ಬಸ್ಸಿನಲ್ಲಿ ನೋಡಿದ ಅದೇ ಬಿಳಿ ದೀಪ.

ಹೇಗೆ ಶುರು ಮಾಡುವುದು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಕೊನೆಗೆ ನೇರವಾಗೇ ಹೇಳಿದೆ, ಇವನಿಗೆ ಉಬ್ಬಸ ಇದೆ, ರಾತ್ರಿ ಕಷ್ಟ ಆಗುತ್ತಿದೆ ಅಂತ. ಅವನ ಮುಖ ಬಿಳಿಚಿಕೊಂಡಿತು. ಅಕ್ಕನ ಮಗನ ಕಡೆ ತಿರುಗಿ, "ಮಗಾ, ಯಾಕೋ ಹೇಳ್ಲಿಲ್ಲ?" ಅಂದ. ಆಮೇಲೆ ನನ್ನ ಕಡೆ, "ಆಂಟಿ, ನಾನು ಮೊದಲು ಸಿಗರೇಟು ಸೇದ್ತಿದ್ದೆ. ಹಳೇ ಪಿಜಿಯಲ್ಲಿ ರೂಮ್‌ಮೇಟ್ಸ್ ವಾಸನೆ ಅಂತ ಬೈತಿದ್ರು. ಯಾರಿಗೂ ತೊಂದ್ರೆ ಆಗ್ಬಾರ್ದು ಅಂತಾನೇ ಇದಕ್ಕೆ ಬಂದಿದ್ದು. ನೀರಿನ ಆವಿ ಅಲ್ವಾ ಇದು?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಬೈಯಲು ಸಿದ್ಧವಾಗಿ ಹೋದವಳಿಗೆ ಮಾತು ನಿಂತುಹೋಯಿತು. ನಾನು ಎರಡು ವರ್ಷ ಆ ಬಸ್ಸಿನ ಪರದೆಯ ಹಿಂದೆ ಒಬ್ಬ ನಿರ್ದಯಿಯನ್ನು ಕಲ್ಪಿಸಿಕೊಂಡಿದ್ದೆ. ಈಗ ಅವನ ಜಾಗದಲ್ಲಿ ಇಂಥ ಹುಡುಗನೂ ಇದ್ದಿರಬಹುದು ಅನ್ನಿಸಿತು. ಗೊತ್ತಿಲ್ಲದೆ, ಯಾರಿಗೂ ಗೊತ್ತಾಗದಿದ್ದರೆ ಯಾರಿಗೂ ತೊಂದರೆ ಇಲ್ಲ ಅಂದುಕೊಂಡು.

ಮಾತಾಡಿದೆವು. ಒಗ್ಗರಣೆಯ ಘಾಟಿನ ಉದಾಹರಣೆ ಹೇಳಿದೆ, ನಕ್ಕ, ಆದರೆ ಅರ್ಥ ಮಾಡಿಕೊಂಡ. ಎಲ್ಲಿಂದ ತರುತ್ತೀಯಾ ಅಂದೆ. "ಪಾನ್ ಶಾಪಲ್ಲಿ ಗೊತ್ತಿರೋರಿಗೆ ಕೊಡ್ತಾರೆ ಆಂಟಿ." ಬಾಕ್ಸಿನ ಮೇಲೆ 10 ಮಿಲಿಲೀಟರ್, ಶೇಕಡಾ 5 ಅಂತ ಇತ್ತು. ಲೆಕ್ಕ ಹಾಕಿದರೆ ಒಂದರಲ್ಲೇ 500 ಮಿಲಿಗ್ರಾಂ ನಿಕೋಟಿನ್. ಒಂದು ಸಿಗರೇಟು ಸೇದಿದರೆ ಮೈಗೆ ಹೋಗುವುದು ಒಂದೆರಡು ಮಿಲಿಗ್ರಾಂ. ವೇಪಿನಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ, ಆದರೂ ಈ ಲೆಕ್ಕ ಅವನಿಗೆ ಯಾರೂ ಹೇಳಿರಲಿಲ್ಲ. ಗಂಟಲಿಗೆ ಉರಿ ಆಗದ ಹಾಗೆ ಮಾಡಿರುತ್ತಾರೆ, ಹಾಗಾಗಿ ಎಷ್ಟು ಎಳೆದೆ ಅಂತ ಎಳೆದವರಿಗೂ ತಿಳಿಯುವುದಿಲ್ಲ. ಮೇಲಾಗಿ ಆ ಬಾಕ್ಸಿನ ಮೇಲೆ ಬರೆದದ್ದು ನಿಜವಾ ಅಂತ ನೋಡುವವರೂ ಇಲ್ಲ. ಕದ್ದು ಬರುವ ಮಾಲಿಗೆ ಯಾವ ತಪಾಸಣೆ?

ದಿಂಬಿನ ಪಕ್ಕದ ಚಾರ್ಜಿಂಗ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳಿದೆ. ಒಳಗಿರುವುದು ಲಿಥಿಯಂ ಬ್ಯಾಟರಿ. ಹಾಳಾದದ್ದು ಒಮ್ಮೆ ಬಿಸಿಯಾಗತೊಡಗಿದರೆ ತನ್ನ ಬಿಸಿಯಿಂದ ತಾನೇ ಇನ್ನಷ್ಟು ಬಿಸಿಯಾಗಿ ಹತ್ತಿಕೊಳ್ಳುತ್ತದೆ. ಹಾಸಿಗೆ, ದಿಂಬು ಮುಚ್ಚಿಕೊಂಡರೆ ಬಿಸಿ ಹೋಗಲು ದಾರಿಯೂ ಇಲ್ಲ. ಮೂರು ಜನ ಮಲಗುವ, ಒಂದೇ ಬಾಗಿಲಿನ ಕೋಣೆ ಅದು. ಅವನು ಎದ್ದು ವೈರ್ ಕಿತ್ತ. ಆಮೇಲೆ ಬೀರು ತೆರೆದು ಒಂದು ಕಾಫಿಪುಡಿ ಡಬ್ಬಿ ತೆಗೆದು ತೋರಿಸಿದ. ಒಳಗೆ ಖಾಲಿಯಾದ ವೇಪುಗಳು. ಹಸಿರು, ಗುಲಾಬಿ, ನೇರಳೆ. ಎಣಿಸಿದೆ, ಹನ್ನೊಂದು. "ಇದನ್ನೆಲ್ಲ ಎಲ್ಲಿ ಹಾಕ್ಬೇಕು ಆಂಟಿ? ಕಸಕ್ಕೆ ಹಾಕಿದ್ರೆ ಪಿಜಿ ಓನರ್ ನೋಡ್ತಾರೆ ಅಂತ ಭಯ." ಒಂದೊಂದರಲ್ಲೂ ಬ್ಯಾಟರಿ, ಒಂದೊಂದರಲ್ಲೂ ಉಳಿದ ನಿಕೋಟಿನ್ ಹನಿ. ಒಣಕಸಕ್ಕೆ ಹಾಕಿದರೆ ಆ ಕಸ ಲಾರಿಯಲ್ಲಿ ಅದುಮಿಸಿಕೊಳ್ಳುತ್ತದೆ, ಬ್ಯಾಟರಿ ಜಜ್ಜಿದರೆ ಬೆಂಕಿ. ಕಸ ಬೇರೆ ಮಾಡುವ ಪೌರಕಾರ್ಮಿಕ ಹೆಂಗಸರ ಬರಿಗೈಗೆ ಅದು ಸಿಗುತ್ತದೆ. ನಮ್ಮ ಮನೆ ಹತ್ತಿರ ಹಳೇ ಚಾರ್ಜರು, ಬಲ್ಬು ತೆಗೆದುಕೊಳ್ಳುವ ಇ-ತ್ಯಾಜ್ಯದ ಡಬ್ಬ ಇದೆ, ನಾನು ಹಾಕುತ್ತೇನೆ ಅಂತ ಡಬ್ಬಿ ಇಸಿದುಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ಡಬ್ಬಿ ಮಡಿಲಲ್ಲಿತ್ತು. ಮುಚ್ಚಳ ಗಟ್ಟಿ ಹಾಕಿದ್ದರೂ ಮಾವಿನ ವಾಸನೆ ಸಣ್ಣಗೆ ಬರುತ್ತಲೇ ಇತ್ತು.

ಬಿಡು ಅಂತ ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಹೂಂ ಅನ್ನುತ್ತಿದ್ದ, ನಾನು ಹೊರಟ ಮೇಲೆ ಮತ್ತೆ ಎಳೆಯುತ್ತಿದ್ದ. ಬಿಡಬೇಕು ಅನ್ನಿಸಿದ ದಿನ ಡಾಕ್ಟರ ಹತ್ತಿರ ಹೋಗು, ನಾಚಿಕೆ ಬೇಡ, ನಿಕೋಟಿನ್ ಬಿಡಿಸಲು ಔಷಧಿ ಇದೆ ಅಂದೆ. ಕೋಣೆಯೊಳಗೆ ಬೇಡ ಅನ್ನುವುದನ್ನು ಮಾತ್ರ ಮೂವರೂ ಕೂತು ಒಪ್ಪಿಕೊಂಡರು. ಮೂರನೇ ಹುಡುಗ ಅಲ್ಲಿವರೆಗೆ ಮೊಬೈಲ್ ನೋಡುತ್ತಾ ಮಲಗಿದ್ದ. "ನಂಗೂ ಆ ವಾಸನೆಗೆ ತಲೆನೋವು ಬರ್ತಿತ್ತು" ಅಂತ ಆಗ ಮೊದಲ ಸಲ ಬಾಯಿಬಿಟ್ಟ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಳುವುದು ಇಷ್ಟು ಕಷ್ಟ ಆಗಿದ್ದು ಯಾವಾಗಿನಿಂದ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ದೊಡ್ಡಜ್ಜ ಒಂದು ಸಲ ಕೆಮ್ಮಿದರೆ ಅಜ್ಜನ ಬೀಡಿ ಆರುತ್ತಿತ್ತು.

ಹದಿನೈದು ದಿನ ಬಿಟ್ಟು ಅಕ್ಕನ ಮಗ ಫೋನ್ ಮಾಡಿದ. ಇನ್‌ಹೇಲರ್ ಮತ್ತೆ ಎರಡಕ್ಕೆ ಬಂದಿದೆ. ಆ ಹುಡುಗ ಈಗ ಟೆರೇಸಿಗೆ ಹೋಗುತ್ತಾನೆ. ಆದರೆ ರಾತ್ರಿ ಹತ್ತಕ್ಕೆ ಟೆರೇಸಿಗೆ ಬೀಗ ಬೀಳುತ್ತಿತ್ತಂತೆ. ಮೂವರೂ ಸೇರಿ ಓನರ್ ಹತ್ತಿರ ಒಂದು ಕೀ ಕೇಳಿದರಂತೆ.

"ಯಾಕೆ ಅಂತ ಕೇಳ್ಲಿಲ್ವಾ ಅವರು?"

"ಕೇಳಿದ್ರು ಚಿಕ್ಕಮ್ಮಾ. ಬಟ್ಟೆ ಒಣಗಿಸೋಕೆ ಅಂದ್ವಿ."